ಅಂಗೈ ಮೇಲಿನ ಸವಾರ: ಸೈನಿಕ ಬೊಂಬೆಗಳ ಕಿಟ್ ಮತ್ತು ನಮ್ಮ ಇತಿಹಾಸ

ಹವ್ಯಾಸ ಎಂದೊಡನೆ ಅಂಚೆಚೀಟಿ ಸಂಗ್ರಹ, ನಾಣ್ಯ ಸಂಗ್ರಹ, ಚಿತ್ರಕಲೆ ಇವೇ ನಮ್ಮ ನೆನಪಿಗೆ ಬರುತ್ತವೆ. ಇವುಗಳ ಸಾಲಿನಲ್ಲೇ ಕೂರಿಸಬಹುದಾದ, ಆದರೆ ನಮ್ಮ ಭಾರತೀಯ ಮನೆಗಳಲ್ಲಿ ಅಷ್ಟಾಗಿ ಪರಿಚಯವಿಲ್ಲದ ಹವ್ಯಾಸವೊಂದಿದೆ. ಹಳೆಯ ಕಾಲದ ಸೈನಿಕರ ಪುಟ್ಟ ಬೊಂಬೆಗಳನ್ನು ಬಿಡಿ ಭಾಗಗಳಿಂದ ಜೋಡಿಸಿ, ಬಣ್ಣ ಹಚ್ಚಿ, ಸಂಗ್ರಹಿಸಿ ಇಡುವುದು. ಆಸ್ಟ್ರೇಲಿಯಾದ ಹವ್ಯಾಸಿ ಅಂಗಡಿಗಳಲ್ಲಿ ಈ ಬೊಂಬೆಗಳ ಡಬ್ಬಿಗಳು ಸಾಲುಸಾಲಾಗಿ ಇರುತ್ತವೆ. ಮಕ್ಕಳು ಕೈಗೆತ್ತಿಕೊಂಡು ನೋಡುತ್ತಾರೆ, ದೊಡ್ಡವರು 'ಇದೇನು ಆಟದ ಸಾಮಾನು' ಎಂದು ಮುಂದೆ ಹೋಗುತ್ತಾರೆ. ಅದು ಬರೀ ಆಟದ ಸಾಮಾನಲ್ಲ, ಇತಿಹಾಸದ ಒಳ್ಳೆಯ ಪಾಠವೂ ಹೌದು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಕಿಟ್ ಎಂದರೇನು?

ಡಬ್ಬಿ ತೆರೆದರೆ ಒಳಗೆ ಪ್ಲಾಸ್ಟಿಕ್ಕಿನ ಒಂದು ಚೌಕಟ್ಟು ಇರುತ್ತದೆ. ಮರದ ಕೊಂಬೆಗೆ ಕಾಯಿ ಕಚ್ಚಿಕೊಂಡಂತೆ ಆ ಚೌಕಟ್ಟಿಗೆ ಸೈನಿಕನ ಕಾಲು, ಮುಂಡ, ಕೈ, ತಲೆ, ಟೋಪಿ, ಬಂದೂಕು, ಚೀಲ ಎಲ್ಲವೂ ಬಿಡಿಬಿಡಿಯಾಗಿ ಅಂಟಿಕೊಂಡಿರುತ್ತವೆ. ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಜೊತೆಗಿರುವ ಹಾಳೆಯಲ್ಲಿ ಯಾವುದನ್ನು ಯಾವುದಕ್ಕೆ ಸೇರಿಸಬೇಕೆಂಬ ಚಿತ್ರ ಇರುತ್ತದೆ. ಕೆಲವು ಡಬ್ಬಿಗಳಲ್ಲಿ ಬೊಂಬೆ ಒಂದೇ ತುಂಡಾಗಿ ಬರುತ್ತದೆ. ಅದಕ್ಕೆ ಬಣ್ಣ ಹಚ್ಚಿದರೆ ಸಾಕು.

ಈ ಬೊಂಬೆಗಳ ಗಾತ್ರವನ್ನು ಪ್ರಮಾಣದಿಂದ ಹೇಳುತ್ತಾರೆ. 1:72 ಎಂದರೆ ನಿಜವಾದ ವಸ್ತುವಿನ ಎಪ್ಪತ್ತೆರಡನೇ ಒಂದು ಭಾಗ. ಮಕ್ಕಳೇ, ಒಂದು ಚಿಕ್ಕ ಲೆಕ್ಕ ಮಾಡೋಣ. 172 ಸೆಂಟಿಮೀಟರ್ ಎತ್ತರದ ಸೈನಿಕ 1:72ರಲ್ಲಿ ಸುಮಾರು 24 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಅಂಗುಲ ಆಗುತ್ತಾನೆ. 1:35ರಲ್ಲಿ 49 ಮಿಲಿಮೀಟರ್, 1:32ರಲ್ಲಿ 54 ಮಿಲಿಮೀಟರ್. ಹವ್ಯಾಸಿಗಳು '54 ಮಿಲಿಮೀಟರ್ ಬೊಂಬೆ' ಎನ್ನುವುದು ಈ ಕೊನೆಯ ಗಾತ್ರಕ್ಕೆ. ಭಾಗಾಕಾರ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವ ಮಕ್ಕಳಿಗೆ ಇಲ್ಲಿದೆ ಉತ್ತರ!

ಮೊದಲು ಇಂಥ ಬೊಂಬೆಗಳನ್ನು ತವರ, ಸೀಸದಲ್ಲಿ ಎರಕ ಹೊಯ್ಯುತ್ತಿದ್ದರು. 1893ರಲ್ಲಿ ಇಂಗ್ಲೆಂಡಿನ ಬ್ರಿಟನ್ಸ್ ಕಂಪನಿ ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ತಯಾರಿಸಿತು. ಲೋಹ ಕಡಿಮೆ ಸಾಕಾದ್ದರಿಂದ ಬೆಲೆಯೂ ಇಳಿಯಿತು. 1959ರಲ್ಲಿ ಏರ್‌ಫಿಕ್ಸ್ ಕಂಪನಿ ಒಂದು ಅಂಗುಲದ ಪ್ಲಾಸ್ಟಿಕ್ ಸೈನಿಕರನ್ನು ಡಬ್ಬಿಗಳಲ್ಲಿ ಮಾರತೊಡಗಿತು. ಅಲ್ಲಿಂದ ಮುಂದೆ ಸಾಮಾನ್ಯ ಮನೆಯ ಹುಡುಗರೂ ಸ್ವಂತ ಸೈನ್ಯ ಕಟ್ಟಬಹುದಾಯಿತು. ಈಗ ಮೆದು ಪ್ಲಾಸ್ಟಿಕ್, ಗಟ್ಟಿ ಪ್ಲಾಸ್ಟಿಕ್, ರಾಳ, ಬಿಳಿ ಲೋಹ ಹೀಗೆ ಹಲವು ಬಗೆಯವು ಸಿಗುತ್ತವೆ. ಕಂಪ್ಯೂಟರಿನಲ್ಲಿ ಚಿತ್ರಿಸಿ ತ್ರೀಡಿ ಪ್ರಿಂಟರಿನಲ್ಲಿ ಅಚ್ಚು ತೆಗೆದವೂ ಇವೆ.

ಬೊಂಬೆ ನಮಗೆ ಹೊಸದೇ?

ಬೊಂಬೆ ಜೋಡಿಸುವುದನ್ನು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನವರಾತ್ರಿ ಬಂತೆಂದರೆ ಹಳೆಯ ಮೈಸೂರಿನ ಮನೆಗಳಲ್ಲಿ ಮೂರು, ಐದು, ಏಳು, ಒಂಬತ್ತು ಮೆಟ್ಟಿಲು ಕಟ್ಟಿ ಬೊಂಬೆ ಕೂರಿಸುತ್ತಾರೆ. ಮೇಲೆ ಪಟ್ಟದ ಬೊಂಬೆಗಳು, ಕೆಳಗೆ ಮದುವೆಯ ಮನೆ, ಸಂತೆ, ಶೆಟ್ಟಿ ಅಂಗಡಿ. ಎಷ್ಟೋ ಮನೆಗಳಲ್ಲಿ ಅಂಬಾರಿ ಹೊತ್ತ ಆನೆ, ಹಿಂದೆ ಮುಂದೆ ಕುದುರೆ, ಕಾಲಾಳು, ಬ್ಯಾಂಡಿನವರು ಇರುವ ಜಂಬೂಸವಾರಿಯನ್ನೂ ಜೋಡಿಸುತ್ತಾರೆ. ಅಡಿಲೇಡಿನಲ್ಲೂ ನಮ್ಮವರು ಸೂಟ್‌ಕೇಸಿನಲ್ಲಿ ಜೋಪಾನವಾಗಿ ತಂದ ಬೊಂಬೆಗಳನ್ನು ಕೂರಿಸಿ, ಮಕ್ಕಳನ್ನು ಆರತಿಗೆ ಕರೆದು ಬೊಂಬೆ ಬಾಗಿನ ಕೊಡುತ್ತಾರೆ.

ಆದರೆ ಒಂದು ವ್ಯತ್ಯಾಸ ಉಂಟು. ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಕುದುರೆಯನ್ನು ನೋಡಿ. ಅದು ಕುದುರೆ, ಅಷ್ಟೇ. ಯಾವ ಊರಿನದು, ಯಾವ ಕಾಲದ್ದು ಎಂದು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಐತಿಹಾಸಿಕ ಕಿಟ್ ಹಾಗಲ್ಲ. ಅದನ್ನು ಜೋಡಿಸಲು ಕೂತವನ ಮುಂದೆ ಪ್ರಶ್ನೆಗಳ ಸರಮಾಲೆ ನಿಲ್ಲುತ್ತದೆ. ಈ ಸೈನಿಕ ಯಾವ ದೇಶದವನು? ಯಾವ ದಳದವನು? ಯಾವ ವರ್ಷದಲ್ಲಿ ಎಲ್ಲಿ ನಿಂತಿದ್ದ? ತಲೆಗೆ ಏನು ತೊಟ್ಟಿದ್ದ? ಕೈಯಲ್ಲಿ ಏನಿತ್ತು? ಉತ್ತರ ಸಿಗದೆ ಬಣ್ಣದ ಕುಂಚ ಮೇಲೇಳುವುದಿಲ್ಲ. ಪಠ್ಯಪುಸ್ತಕದಲ್ಲಿ 'ಸೈನ್ಯ ಗೆದ್ದಿತು' ಎಂದು ಒಂದೇ ಸಾಲಿನಲ್ಲಿ ಓದಿ ಮುಂದೆ ಹೋಗಬಹುದು. ಬೊಂಬೆ ಮಾಡುವವನು ಆ ಸೈನ್ಯದ ಒಬ್ಬೊಬ್ಬ ಮನುಷ್ಯನನ್ನೂ ತಲೆಯಿಂದ ಕಾಲಿನವರೆಗೆ ನೋಡಲೇಬೇಕು.

ಒಂದೇ ದಳ, ಎರಡು ವರ್ಷ

ಉದಾಹರಣೆಗೆ, ನಾವಿರುವ ನಾಡಿನ ಹೆಮ್ಮೆಯ ಸವಾರರಾದ ಆಸ್ಟ್ರೇಲಿಯನ್ ಲೈಟ್ ಹಾರ್ಸ್ ದಳವನ್ನೇ ತೆಗೆದುಕೊಳ್ಳೋಣ. ಇವರ ಬೊಂಬೆಗಳು ಡಬ್ಬಿಗಳಲ್ಲಿ ಬಂದಿವೆ. ಅಗಲ ಅಂಚಿನ ಟೋಪಿ, ಅದಕ್ಕೆ ಸಿಕ್ಕಿಸಿದ ಎಮು ಹಕ್ಕಿಯ ಗರಿ, ಎದೆಗೆ ಅಡ್ಡಲಾಗಿ ತೋಟಾ ಪಟ್ಟಿ, ಇವು ಅವರ ಗುರುತು. ಆದರೆ 6ನೇ ರೆಜಿಮೆಂಟಿನವರು ಗರಿಯ ಬದಲು ವಾಲಬಿಯ ತುಪ್ಪಳವನ್ನು ಟೋಪಿಗೆ ಸುತ್ತುತ್ತಿದ್ದರು.

ಇವರು ಕುದುರೆಯ ಮೇಲೆ ಹೋಗಿ, ಕೆಳಗಿಳಿದು ಬಂದೂಕಿನಿಂದ ಹೋರಾಡುವವರು. ಆದ್ದರಿಂದ ಮೊದಲಿಗೆ ಅವರ ಬಳಿ ಕತ್ತಿ ಇರಲಿಲ್ಲ. 1917ರ ಅಕ್ಟೋಬರ್ 31ರಂದು ಪ್ಯಾಲೆಸ್ಟೈನಿನ ಬೀರ್‌ಶೆಬಾ ಊರಿನ ಮೇಲೆ 4 ಮತ್ತು 12ನೇ ರೆಜಿಮೆಂಟುಗಳು ನುಗ್ಗಿದಾಗ ಸವಾರರು ಬಂದೂಕಿನ ತುದಿಯ ಬಯನೆಟ್ಟನ್ನೇ ಕೈಯಲ್ಲಿ ಹಿಡಿದಿದ್ದರು. ಮರುವರ್ಷ, 1918ರಲ್ಲಿ, ಆಸ್ಟ್ರೇಲಿಯನ್ ಮೌಂಟೆಡ್ ಡಿವಿಜನ್ನಿನವರಿಗೆ ಕತ್ತಿಗಳನ್ನು ಕೊಡಲಾಯಿತು. ಹಾಗಾಗಿ ನೀವು 1917ರ ಸವಾರನನ್ನು ಮಾಡಿದರೆ ಕೈಯಲ್ಲಿ ಬಯನೆಟ್, 1918ರ ಸೆಪ್ಟೆಂಬರಿನ ಸವಾರನನ್ನು ಮಾಡಿದರೆ ಕತ್ತಿ. ಟೋಪಿ ಅದೇ, ಕುದುರೆ ಅದೇ, ಒಂದು ವರ್ಷದ ಅಂತರ ಮಾತ್ರ! ಇತಿಹಾಸದಲ್ಲಿ ಇಸವಿ ಏಕೆ ಮುಖ್ಯ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಪರೀಕ್ಷೆಯೂ ಕಲಿಸಲಾರದು.

ಡಬ್ಬಿಯಲ್ಲಿಲ್ಲದ ಸವಾರ

ಈಗ ಮುಖ್ಯ ವಿಷಯಕ್ಕೆ ಬರೋಣ. ಅಂಗಡಿಯ ಕಪಾಟಿನಲ್ಲಿ ನೆಪೋಲಿಯನ್ನನ ಸೈನಿಕರಿದ್ದಾರೆ, ರೋಮಿನವರಿದ್ದಾರೆ, ಜರ್ಮನರಿದ್ದಾರೆ. ಭಾರತದ ಸವಾರರೆಂದರೆ 'ಬೆಂಗಾಲ್ ಲ್ಯಾನ್ಸರ್' ಎಂಬ ಹೆಸರಿನವರು ಸಿಕ್ಕಾರು. ನಮ್ಮ ಮೈಸೂರಿನವರು ಎಲ್ಲಿ?

ಮೈಸೂರು ಸಂಸ್ಥಾನಕ್ಕೆ 'ಮೈಸೂರು ಲ್ಯಾನ್ಸರ್ಸ್' ಎಂಬ ಅಶ್ವದಳವಿತ್ತು. ಲ್ಯಾನ್ಸ್ ಎಂದರೆ ಸವಾರರು ಹಿಡಿಯುವ ಉದ್ದನೆಯ ಈಟಿ. ಮೊದಲನೆಯ ಮಹಾಯುದ್ಧ ಆರಂಭವಾದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1914ರಲ್ಲಿ ಈ ದಳ ಹಡಗು ಹತ್ತಿ ಈಜಿಪ್ಟಿಗೆ ಹೋಯಿತು. ಸೂಯೆಜ್ ಕಾಲುವೆಯ ಕಾವಲಿನಿಂದ ಆರಂಭಿಸಿ ಯುದ್ಧ ಮುಗಿಯುವ ತನಕ ಅದು ಅಲ್ಲಿ ಸೇವೆ ಸಲ್ಲಿಸಿತು. ದಳದಲ್ಲಿ ಹಿಂದೂಗಳೂ ಇದ್ದರು, ಮುಸಲ್ಮಾನರೂ ಇದ್ದರು.

1918ರ ಸೆಪ್ಟೆಂಬರ್ 23ರಂದು ಹೈಫಾ ಎಂಬ ಬಂದರು ಪಟ್ಟಣವನ್ನು ಹಿಡಿಯುವ ಹೊಣೆ ಇವರಿದ್ದ ಬ್ರಿಗೇಡಿಗೆ ಬಿತ್ತು. ಒಂದು ಪಕ್ಕದಲ್ಲಿ ಕಾರ್ಮೆಲ್ ಬೆಟ್ಟ, ಇನ್ನೊಂದು ಪಕ್ಕದಲ್ಲಿ ಕುದುರೆ ಕಾಲಿಟ್ಟರೆ ಹೂತುಹೋಗುವ ಕಿಶೋನ್ ನದಿಯ ಕೆಸರು ದಂಡೆ. ಬೆಟ್ಟದ ಮೇಲೆ ಫಿರಂಗಿ, ಎದುರಿಗೆ ಮೆಷಿನ್ ಗನ್. ಮೈಸೂರಿನ ಸವಾರರು ಬೆಟ್ಟದ ಕಡೆಯ ಫಿರಂಗಿಗಳ ಮೇಲೆ ಬಿದ್ದರು. ಜೋಧಪುರದ ಸವಾರರು ಪಟ್ಟಣದ ಕಡೆಗೆ ನುಗ್ಗಿದರು. ಈಟಿ, ಕತ್ತಿಗಳೇ ಮುಖ್ಯ ಆಯುಧವಾಗಿದ್ದ ಈ ದಾಳಿಯಲ್ಲಿ ಅಂದೇ ಹೈಫಾ ವಶವಾಯಿತು. ಸಾವಿರದ ಮುನ್ನೂರಕ್ಕೂ ಹೆಚ್ಚು ಮಂದಿ ಸೆರೆಸಿಕ್ಕರು. ಬ್ರಿಗೇಡಿನಲ್ಲಿ 8 ಮಂದಿ ಸತ್ತು 34 ಮಂದಿ ಗಾಯಗೊಂಡರೆಂದು ದಾಖಲಾಗಿದೆ. ಸತ್ತವರಲ್ಲಿ ಜೋಧಪುರದ ಮೇಜರ್ ದಲಪತ್ ಸಿಂಗ್ ಕೂಡ ಒಬ್ಬರು. ಅರವತ್ತು ಕುದುರೆಗಳೂ ಪ್ರಾಣ ಬಿಟ್ಟವು.

ಇದರ ನೆನಪಿಗೆ ದೆಹಲಿಯಲ್ಲಿ 1920ರ ದಶಕದಲ್ಲಿ ಮೂರು ಕಂಚಿನ ಸೈನಿಕರ ಪ್ರತಿಮೆಗಳನ್ನು ನಿಲ್ಲಿಸಲಾಯಿತು. ಮೈಸೂರು, ಜೋಧಪುರ, ಹೈದರಾಬಾದು ಸಂಸ್ಥಾನಗಳ ಪರವಾಗಿ ಒಬ್ಬೊಬ್ಬ. 'ತೀನ್ ಮೂರ್ತಿ' ಎಂಬ ಹೆಸರು ಬಂದಿದ್ದು ಇದರಿಂದಲೇ. 2018ರಲ್ಲಿ ಆ ವೃತ್ತಕ್ಕೆ 'ತೀನ್ ಮೂರ್ತಿ ಹೈಫಾ ಚೌಕ' ಎಂದು ಹೆಸರಿಟ್ಟರು. ದೆಹಲಿಗೆ ಹೋದವರೆಲ್ಲ ಆ ಹೆಸರನ್ನು ಕೇಳಿರುತ್ತೇವೆ. ಮೂವರಲ್ಲಿ ಒಬ್ಬ ನಮ್ಮವನೆಂದು ಎಷ್ಟು ಮಂದಿಗೆ ಗೊತ್ತು?

ಅಡಿಲೇಡಿನ ಮಕ್ಕಳಿಗೆ ಇನ್ನೂ ಒಂದು ಸಂಗತಿ ಇದೆ. ಮೈಸೂರಿನ ಸವಾರರಿದ್ದ ಆ ಬ್ರಿಗೇಡು 'ಡೆಸರ್ಟ್ ಮೌಂಟೆಡ್ ಕೋರ್' ಎಂಬ ದೊಡ್ಡ ಅಶ್ವಸೈನ್ಯದ ಭಾಗ. ಅದರ ದಂಡನಾಯಕ ಆಸ್ಟ್ರೇಲಿಯಾದ ಹ್ಯಾರಿ ಶೊವೆಲ್. ಅದೇ ಸೈನ್ಯದಲ್ಲಿ, ಅದೇ ಸೆಪ್ಟೆಂಬರಿನಲ್ಲಿ, ಸೌತ್ ಆಸ್ಟ್ರೇಲಿಯಾ ಮತ್ತು ವಿಕ್ಟೋರಿಯಾದ ಯುವಕರಿದ್ದ 9ನೇ ಲೈಟ್ ಹಾರ್ಸ್ ರೆಜಿಮೆಂಟೂ ಇತ್ತು. ಇನ್ನು ಕುದುರೆಯ ವಿಷಯ. ನ್ಯೂ ಸೌತ್ ವೇಲ್ಸ್‌ನಿಂದ 'ವೇಲರ್' ಎಂದು ಹೆಸರು ಪಡೆದ ಆಸ್ಟ್ರೇಲಿಯಾದ ಕುದುರೆಗಳನ್ನು ಹತ್ತೊಂಬತ್ತನೆಯ ಶತಮಾನದಿಂದಲೇ ಹಡಗಿನಲ್ಲಿ ಭಾರತದ ಸೈನ್ಯಕ್ಕೆ ಕಳಿಸುತ್ತಿದ್ದರು. ನಮಗಿಂತ ಎಷ್ಟೋ ಮೊದಲೇ ಈ ಎರಡು ನಾಡುಗಳ ನಡುವೆ ಓಡಾಟ ಇತ್ತು. ಎಮು ಗರಿಯ ಟೋಪಿಯವನೂ ಮುಂಡಾಸಿನವನೂ ಒಂದೇ ಸೈನ್ಯದ ಸವಾರರು.

ಈ ಮಾತನ್ನು ಶಾಲೆಯಲ್ಲಿ ಆನ್ಜಾಕ್ ದಿನದಂದು ನಮ್ಮ ಮಗು ಹೇಳಬಲ್ಲದೇ? ಹೇಳಬೇಕಾದರೆ ಅದಕ್ಕೆ ಗೊತ್ತಿರಬೇಕು. ಗೊತ್ತಾಗಬೇಕಾದರೆ ಯಾರಾದರೂ ತೋರಿಸಬೇಕು. ಡಬ್ಬಿಯಲ್ಲಿ ಇಲ್ಲದವನನ್ನು ನಾವೇ ಮಾಡಿ ತೋರಿಸಿದರೆ ಹೇಗೆ?

ಮಾಡುವ ಬಗೆ

ಹವ್ಯಾಸಿಗಳು ಇದನ್ನು 'ಕನ್ವರ್ಷನ್' ಎನ್ನುತ್ತಾರೆ. ಒಂದು ಬೊಂಬೆಯನ್ನು ಅಲ್ಪಸ್ವಲ್ಪ ಬದಲಿಸಿ ಇನ್ನೊಂದನ್ನಾಗಿ ಮಾಡುವುದು. ಮೊದಲ ಸಲಕ್ಕೆ 54 ಮಿಲಿಮೀಟರಿನ ಗಟ್ಟಿ ಪ್ಲಾಸ್ಟಿಕ್ ಕಿಟ್ ಒಳ್ಳೆಯದು. ಒಂದು ಅಂಗುಲದ ಬೊಂಬೆ ಚಿಕ್ಕ ಕೈಗಳಿಗೆ ಕಷ್ಟ.

1. ಚೌಕಟ್ಟನ್ನು ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನ ಎಣ್ಣೆ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ.

2. ಭಾಗಗಳನ್ನು ಕೈಯಿಂದ ತಿರುಚಿ ಕೀಳಬೇಡಿ. ಚಿಕ್ಕ ಇಕ್ಕಳ ಅಥವಾ ಹಳೆಯ ಉಗುರು ಕತ್ತರಿಯಿಂದ ಕತ್ತರಿಸಿ. ಉಳಿದ ಮುಳ್ಳನ್ನು ನುಣುಪಾದ ಉಪ್ಪು ಕಾಗದದಿಂದ ಉಜ್ಜಿ.

3. ಅಂಟು ಹಾಕುವ ಮೊದಲು ಒಮ್ಮೆ ಒಣದಾಗಿ ಜೋಡಿಸಿ ನೋಡಿ. ಗಟ್ಟಿ ಪ್ಲಾಸ್ಟಿಕ್ಕಿಗೆ ಹಾಕುವ ಅಂಟು ಪ್ಲಾಸ್ಟಿಕ್ಕನ್ನೇ ಸ್ವಲ್ಪ ಕರಗಿಸಿ ಬೆಸೆಯುತ್ತದೆ. ಆದ್ದರಿಂದ ಒಂದು ಹನಿ ಸಾಕು. ಮೆದು ಪ್ಲಾಸ್ಟಿಕ್ಕಿಗೆ ಈ ಅಂಟು ಹಿಡಿಯುವುದಿಲ್ಲ, ಅಲ್ಲಿ ಸಣ್ಣ ತಂತಿ ಚುಚ್ಚಿ ಕೂಡಿಸಬೇಕು.

4. ಟೋಪಿಯ ತಲೆ ಇದ್ದರೆ ಟೋಪಿಯನ್ನು ಕತ್ತರಿಸಿ ತೆಗೆಯಿರಿ. ಎರಡು ಭಾಗ ಕಲಸಿ ಗಟ್ಟಿಯಾಗುವ ಪುಟ್ಟಿಯನ್ನು ಶಾವಿಗೆಯ ಎಳೆಯಂತೆ ಹೊಸೆದು, ತಲೆಯ ಸುತ್ತ ಒಂದರ ಮೇಲೊಂದು ಸುತ್ತಿ. ಮುಂಡಾಸು ಸಿದ್ಧ. ಚಕ್ಕುಲಿ ಒತ್ತುವ ಅಮ್ಮಂದಿರಿಗೆ, ಅಜ್ಜಿಯರಿಗೆ ಈ ಕೆಲಸ ಮಕ್ಕಳಿಗಿಂತ ಚೆನ್ನಾಗಿ ಬರುತ್ತದೆ!

5. ಈಟಿಯ ಉದ್ದ ಸುಮಾರು 275 ಸೆಂಟಿಮೀಟರ್. 1:32ರಲ್ಲಿ ಅದು 86 ಮಿಲಿಮೀಟರ್ ಆಗುತ್ತದೆ. ಭಾರತೀಯ ಸವಾರರ ಈಟಿಗೆ ಬಿದಿರಿನ ದಂಡ ಇರುತ್ತಿತ್ತು. ತೆಂಗಿನ ಗರಿಯ ಪೊರಕೆ ಕಡ್ಡಿಯ ತೆಳು ತುದಿಯನ್ನು ಕೆರೆದು ನಯ ಮಾಡಿದರೆ ದಪ್ಪವೂ ಸರಿಹೋಗುತ್ತದೆ, ಬಣ್ಣವೂ ಸರಿಹೋಗುತ್ತದೆ. ಪೊರಕೆ ನಮ್ಮ ಇಂಡಿಯನ್ ಅಂಗಡಿಗಳಲ್ಲೇ ಸಿಗುತ್ತದೆ.

6. ಬಣ್ಣಕ್ಕೆ ಮೊದಲು ಪ್ರೈಮರ್, ಅಂದರೆ ಅಸ್ತರು. ಆಮೇಲೆ ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣ. ಸಮವಸ್ತ್ರ, ಮುಂಡಾಸು ಎರಡಕ್ಕೂ ಖಾಕಿ. ಜೀನು, ಲಗಾಮು, ತೋಟಾ ಪಟ್ಟಿಗೆ ಚರ್ಮದ ಕಂದು. ತೆಳ್ಳಗೆ ಎರಡು ಸಲ ಹಚ್ಚಿ, ದಪ್ಪಗೆ ಒಂದು ಸಲ ಬೇಡ.

7. ಒಣಗಿದ ಮೇಲೆ ಕಂದು ಬಣ್ಣವನ್ನು ನೀರು ನೀರಾಗಿ ಬಳಿದರೆ ಅದು ಮಡಿಕೆಗಳಲ್ಲಿ ಇಳಿದು ನೆರಳಿನಂತೆ ಕಾಣುತ್ತದೆ. ಬಳಿಕ ಕುಂಚದ ಬಣ್ಣವನ್ನು ಕಾಗದಕ್ಕೆ ಒರೆಸಿ, ಒಣ ಕುಂಚದಿಂದ ಉಬ್ಬಿದ ಕಡೆ ಹಗುರವಾಗಿ ಸವರಿ. ಮರುಭೂಮಿಯ ಧೂಳು ತಾನಾಗಿಯೇ ಬಂದು ಕೂತಂತಾಗುತ್ತದೆ.

8. ಕೊನೆಗೆ ಪೀಠ. ಅದರ ಮೇಲೆ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ 'ಮೈಸೂರು ಲ್ಯಾನ್ಸರ್ಸ್, ಹೈಫಾ, 1918' ಎಂದು ಬರೆಯಿರಿ. ಮೈಸೂರು ಸಂಸ್ಥಾನದ ಲಾಂಛನವಾದ ಗಂಡಭೇರುಂಡವನ್ನು ಪಕ್ಕದಲ್ಲಿ ಚಿತ್ರಿಸಬಹುದು.

ಪೋಷಕರಿಗೆ ಒಂದೆರಡು ಎಚ್ಚರಿಕೆಯ ಮಾತು. ಚಾಕು, ಅಂಟು ಬಳಸುವಾಗ ದೊಡ್ಡವರು ಪಕ್ಕದಲ್ಲಿರಿ. ಕಿಟಕಿ ತೆರೆದಿರಲಿ. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸಿಗುವ ಹಳೆಯ ಲೋಹದ ಸೈನಿಕರಲ್ಲಿ ಸೀಸ ಇರಬಹುದಾದ್ದರಿಂದ ಅವು ಚಿಕ್ಕಮಕ್ಕಳ ಕೈಗೆ ಬೇಡ. ಇದೆಲ್ಲ ಒಂದೇ ದಿನದಲ್ಲಿ ಮುಗಿಯುವ ಕೆಲಸವೂ ಅಲ್ಲ. ದಿನಕ್ಕೆ ಅರ್ಧ ಗಂಟೆಯಂತೆ ಎರಡು ವಾರ ಇಟ್ಟುಕೊಳ್ಳಿ.

ನೋಡಿ ಕಲಿಯುವುದು ಎಲ್ಲಿ?

'ಕೋಶ ಓದು, ದೇಶ ನೋಡು' ಎಂಬ ಗಾದೆ ಈ ಹವ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ. ಕಿಲ್ಬರ್ನ್‌ನಲ್ಲಿ ರೈಲು ಹತ್ತಿ ಅಡಿಲೇಡ್ ನಿಲ್ದಾಣದಲ್ಲಿ ಇಳಿದರೆ ನಾರ್ತ್ ಟೆರೆಸ್. ಅಲ್ಲಿ ಕಿಂಗ್ ವಿಲಿಯಂ ಬೀದಿಯ ಮೂಲೆಯಲ್ಲಿ ಕುದುರೆಯ ಮೇಲೆ ಕೂತ ಸೈನಿಕನ ಕಂಚಿನ ಪ್ರತಿಮೆ ಇದೆ. ದಕ್ಷಿಣ ಆಫ್ರಿಕಾದ ಯುದ್ಧಕ್ಕೆ ಹೋದ ಸೌತ್ ಆಸ್ಟ್ರೇಲಿಯಾದವರ ನೆನಪಿಗೆ 1904ರಲ್ಲಿ ನಿಲ್ಲಿಸಿದ್ದು. ಶಿಲ್ಪಿ ಏಡ್ರಿಯನ್ ಜೋನ್ಸ್. ಆತ ಸೈನ್ಯದಲ್ಲಿ ಪಶುವೈದ್ಯನಾಗಿದ್ದವನು, ಆದ್ದರಿಂದಲೇ ಕುದುರೆಯ ಮೈಕಟ್ಟು ಅಷ್ಟು ಜೀವಂತವಾಗಿದೆ. ಸವಾರ ಹೇಗೆ ಕೂರುತ್ತಾನೆ, ಲಗಾಮು ಎಲ್ಲಿ ಹಿಡಿಯುತ್ತಾನೆ, ರಿಕಾಪಿನಲ್ಲಿ ಕಾಲು ಹೇಗಿರುತ್ತದೆ ಎಂಬುದನ್ನು ಅಲ್ಲಿ ಸುತ್ತಲೂ ನಡೆದು ನೋಡಿ. ಅದೇ ಬೀದಿಯಲ್ಲಿ ಸ್ವಲ್ಪ ಮುಂದೆ 1931ರಲ್ಲಿ ಅನಾವರಣಗೊಂಡ ರಾಷ್ಟ್ರೀಯ ಯುದ್ಧ ಸ್ಮಾರಕವಿದೆ.

ಕ್ಯಾನ್‌ಬೆರಾಕ್ಕೆ ಹೋದವರು ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್ ನೋಡದೆ ಬರಬೇಡಿ. ಮೊದಲನೆಯ ಮಹಾಯುದ್ಧದ ಇತಿಹಾಸ ಬರೆದ ಚಾರ್ಲ್ಸ್ ಬೀನ್, ಸಾಮಾನ್ಯ ಜನರಿಗೆ ಯುದ್ಧ ಹೇಗಿತ್ತೆಂದು ತಿಳಿಯಬೇಕಾದರೆ ಪುಟ್ಟ ಬೊಂಬೆಗಳಿಂದ ಆ ದೃಶ್ಯಗಳನ್ನು ಕಟ್ಟಬೇಕೆಂದು ಬಯಸಿದ. ಶಿಲ್ಪಿಗಳು, ಚಿತ್ರಕಾರರು ಸೇರಿ ಲೋನ್ ಪೈನ್, ರೊಮಾನಿ ಮೊದಲಾದ ಕದನಗಳ ಡಯೋರಾಮಾಗಳನ್ನು ಮಾಡಿದರು. ಒಂದು ದೇಶವೇ ತನ್ನ ನೆನಪನ್ನು ಬೊಂಬೆಗಳ ಮೂಲಕ ಕಾಪಾಡಿಕೊಂಡಿದೆ. ಆಟದ ಸಾಮಾನು ಎಂದು ತಳ್ಳಿಹಾಕುವುದು ಸರಿಯೇ?

ಯುದ್ಧ ಆಟವೇ?

ಮಕ್ಕಳ ಕೈಗೆ ಸೈನಿಕರನ್ನು ಕೊಟ್ಟರೆ ಯುದ್ಧವೇ ಆಟ ಎಂದುಕೊಂಡಾರು ಎಂಬ ಅಳುಕು ಹಲವು ತಾಯಂದಿರಿಗೆ ಇದೆ. ಅದು ನ್ಯಾಯವಾದ ಅಳುಕು. ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ ಬೊಂಬೆ ಸೈನಿಕರ ಆಟದ ಬಗ್ಗೆ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದ. ನಿಜವಾದ ಯುದ್ಧಕ್ಕಿಂತ ಈ ಪುಟ್ಟ ಯುದ್ಧವೇ ಎಷ್ಟೋ ಮೇಲು ಎಂಬುದು ಅವನ ಮಾತಿನ ಸಾರ. ಮರುವರ್ಷವೇ ಮಹಾಯುದ್ಧ ಬಂತು.

ಆದರೆ ಗಮನಿಸಿ. ಕೊಂಡುತಂದ ಸೈನಿಕನನ್ನು ಬೀಳಿಸಿ 'ಸತ್ತ' ಎನ್ನುವುದು ಸುಲಭ. ಎರಡು ವಾರ ಕೂತು ಮುಂಡಾಸು ಸುತ್ತಿ, ಕಣ್ಣಿಗೆ ಚುಕ್ಕೆ ಇಟ್ಟ ಸವಾರನನ್ನು ಹಾಗೆ ಬೀಳಿಸಲು ಮನಸ್ಸು ಬರುವುದಿಲ್ಲ. ಇವನೂ ಯಾವುದೋ ಹಳ್ಳಿಯಿಂದ ಹೊರಟವನು, ಇವನಿಗೂ ಮನೆಯಲ್ಲಿ ಕಾಯುವ ತಾಯಿ ಇದ್ದಳು ಎನ್ನಿಸುತ್ತದೆ. ಎದುರು ಪಕ್ಷದ ತುರ್ಕಿ ಸೈನಿಕನನ್ನೂ ಒಬ್ಬನನ್ನು ಮಾಡಿ ನಿಲ್ಲಿಸಿ. ಅವನ ಬೂಟಿಗೂ ಅಷ್ಟೇ ಶ್ರದ್ಧೆಯಿಂದ ಬಣ್ಣ ಹಚ್ಚಿ. ಪ್ರಾಣ ಬಿಟ್ಟ ಕುದುರೆಗಳನ್ನೂ ಮರೆಯಬೇಡಿ. ಮಹಾಯುದ್ಧಕ್ಕೆ ಆಸ್ಟ್ರೇಲಿಯಾದಿಂದ ಹೋದ ಒಂದು ಲಕ್ಷಕ್ಕೂ ಮೀರಿದ ಕುದುರೆಗಳಲ್ಲಿ ತಾಯ್ನಾಡಿಗೆ ಮರಳಿದ್ದು ಸ್ಯಾಂಡಿ ಎಂಬ ಒಂದೇ ಒಂದು ಕುದುರೆ ಎಂಬುದನ್ನು ಮಕ್ಕಳಿಗೆ ಹೇಳಿ. ಯುದ್ಧ ಎಂದರೇನೆಂದು ಅವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಈ ದಸರೆಗೆ

ಸೆಪ್ಟೆಂಬರ್ ಕೊನೆಯ ಶಾಲಾ ರಜೆಯೂ ನವರಾತ್ರಿಯೂ ಹೆಚ್ಚುಕಡಿಮೆ ಅಕ್ಕಪಕ್ಕದಲ್ಲೇ ಬರುತ್ತವೆ. ಹೈಫಾ ದಿನವಾದ ಸೆಪ್ಟೆಂಬರ್ 23 ಕೂಡ ಅದರ ಆಸುಪಾಸಿನಲ್ಲೇ. ಬೊಂಬೆ ಕೂರಿಸುವ ಮನೆಯವರು ಈ ಸಲ ಕೆಳಗಿನ ಮೆಟ್ಟಿಲಿನಲ್ಲಿ ಒಂದು ಗೇಣು ಜಾಗ ಬಿಡಿ. ಜಂಬೂಸವಾರಿಯ ಪಕ್ಕದಲ್ಲಿ ಒಬ್ಬ ಮೈಸೂರು ಸವಾರ, ಅವನ ಜೊತೆಗೆ ಎಮು ಗರಿಯ ಟೋಪಿಯ ಒಬ್ಬ ಅಡಿಲೇಡ್ ಸವಾರ ನಿಲ್ಲಲಿ. ಆರತಿಗೆ ಬಂದವರು ಖಂಡಿತ ಕೇಳುತ್ತಾರೆ, 'ಇವರ್ಯಾರು?' ಎಂದು. ಉತ್ತರ ಹೇಳುವ ಕೆಲಸ ಮಕ್ಕಳದು. ಅದೂ ಕನ್ನಡದಲ್ಲಿ!

ಅಜ್ಜ ಅಜ್ಜಿ ಊರಿನಿಂದ ಫೋನು ಮಾಡಿದಾಗ ಅವರಿಗೂ ತೋರಿಸಿ. ನಿಮ್ಮ ಮನೆತನದಲ್ಲಿ ಯಾರಾದರೂ ಸೈನ್ಯದಲ್ಲಿ, ಪೊಲೀಸಿನಲ್ಲಿ, ಅರಮನೆಯ ಲಾಯದಲ್ಲಿ ಕೆಲಸ ಮಾಡಿದ್ದರೇ ಎಂದು ಕೇಳಿ. ಹಳೆಯ ಫೋಟೋ ಒಂದು ಪೆಟ್ಟಿಗೆಯಿಂದ ಹೊರಬಂದರೂ ಬರಬಹುದು. ಅದನ್ನು ನೋಡಿ ಮುಂದಿನ ಬೊಂಬೆ ಮಾಡಿ. ಮಾಡಿದ್ದನ್ನು ಶಾಲೆಗೆ ತನ್ನಿ, ಎಲ್ಲರೂ ನೋಡಿ ಸಂತೋಷಪಡೋಣ.